ಒಂದು ಮಲ್ಚಿಂಗ್ ಶೀಟು, ಹತ್ತು ದೇಶದ ಲ್ಯಾಬು: ಯುರೋಪಿನ ಕೂಡು ಸಂಶೋಧನೆಗೆ ಅರ್ಜಿ ಹಾಕುವ ಸಮಗ್ರ ಮಾರ್ಗದರ್ಶಿ

ಕೋಲಾರದ ಕಡೆ ಟೊಮೆಟೊ ಹೊಲ ನೋಡಿದವರಿಗೆ ಮಲ್ಚಿಂಗ್ ಶೀಟು ಗೊತ್ತೇ ಇರುತ್ತದೆ. ಏರುಮಡಿಯ ಉದ್ದಕ್ಕೂ ಹಾಸಿದ ತೆಳು ಪ್ಲಾಸ್ಟಿಕ್ಕು, ಅದರಲ್ಲಿ ತೂತು, ತೂತಿನಿಂದ ಮೇಲೆದ್ದ ಗಿಡ. ಕಳೆ ಕಡಿಮೆ, ತೇವ ಬೇಗ ಆರುವುದಿಲ್ಲ, ಕೂಲಿ ಉಳಿಯುತ್ತದೆ. ಸ್ಪೇನ್, ಇಟಲಿಯ ತರಕಾರಿ ಹೊಲಗಳಲ್ಲೂ ಇದೇ ಶೀಟು. ಬೆಳೆ ಮುಗಿದ ಮೇಲೆ ಎಲ್ಲ ಕಡೆ ಒಂದೇ ತಲೆನೋವು. ಎಳೆದರೆ ಹರಿಯುತ್ತದೆ. ಚೂರುಗಳು ಮಣ್ಣಲ್ಲೇ ಉಳಿಯುತ್ತವೆ.

ಮಣ್ಣಲ್ಲಿ ಕರಗುವ ಶೀಟು ಮಾಡಿದರಾಯ್ತು, ಅಲ್ವಾ? ಮಾಡಿದ್ದಾರೆ ಕೂಡ. ಅದಕ್ಕೆ 2018ರಲ್ಲಿ ಇಎನ್ 17033 ಎಂಬ ಯುರೋಪಿನ ಮಾನದಂಡವೂ ಬಂತು. ಎರಡು ವರ್ಷದೊಳಗೆ ಶೇಕಡಾ 90ರಷ್ಟು ಜೈವಿಕವಾಗಿ ಕೊಳೆಯಬೇಕು ಅನ್ನುತ್ತದೆ ಅದು. ಆದರೆ ಆ ಪರೀಕ್ಷೆ ನಡೆಯುವುದು ಲ್ಯಾಬಿನ ಬೆಚ್ಚಗಿನ ಮಣ್ಣಿನಲ್ಲಿ. ಫಿನ್ಲೆಂಡಿನ ಕೊರೆಯುವ ಮಣ್ಣಿನಲ್ಲಿ ಏನಾಗುತ್ತದೆ ಅಂತ ಹೇಳಬೇಕಾದವರು ಮಣ್ಣಿನ ವಿಜ್ಞಾನಿ. ಅರ್ಧ ಕರಗಿದ ಚೂರು ಬೆಳೆಗೆ ಸೇರುತ್ತದಾ ಅಂತ ನೋಡಬೇಕಾದವರು ಆಹಾರ ವಿಜ್ಞಾನಿ. ಶೀಟು ಎಷ್ಟು ದಿನ ಗಟ್ಟಿಯಾಗಿರಬೇಕು ಅಂತ ಲೆಕ್ಕ ಹಾಕುವವರು ಪಾಲಿಮರ್ ಲ್ಯಾಬಿನವರು. ಇಷ್ಟು ಬೆಲೆಗೆ ಇದನ್ನು ಕೊಳ್ಳುತ್ತೇನಾ ಅಂತ ಹೇಳಬೇಕಾದವರು ರೈತರು.

ಕೃಷಿ, ಆಹಾರ, ಪರಿಸರ, ವಸ್ತುವಿಜ್ಞಾನ ನಾಲ್ಕೂ ಒಂದೇ ಶೀಟಿನಲ್ಲಿ ಬಂದು ಕೂತಿವೆ. ಒಬ್ಬರ ಕೈಲಿ ಆಗದ ಕೆಲಸ ಇದು. ನಮ್ಮೂರ ಮುಯ್ಯಾಳಿನ ಹಾಗೆ: ನನ್ನ ಹೊಲಕ್ಕೆ ನೀನು ಬಾ, ನಿನ್ನ ಹೊಲಕ್ಕೆ ನಾನು ಬರ್ತೀನಿ. ಯುರೋಪಿನ ಒಕ್ಕೂಟ ಈ ಮುಯ್ಯಾಳಿಗೆ 1984ರಿಂದ ಕಾರ್ಯಕ್ರಮ ಹಾಕಿ ದುಡ್ಡು ಕೊಡುತ್ತಾ ಬಂದಿದೆ. ಆ ದುಡ್ಡಿಗೆ ಅರ್ಜಿ ಹಾಕುವುದು ಹೇಗೆ ಅನ್ನುವುದೇ ಈ ಬರಹ.

ಯುರೋಪಿನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿರುವ ಕನ್ನಡಿಗರಿಗೆ, ನಮ್ಮ ಕೃಷಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ, ಜತೆಗೆ ಇದೇ ಕ್ಷೇತ್ರದ ಸಣ್ಣ ಕಂಪನಿಗಳಿಗೆ ಅಂತ ಬರೆದಿದ್ದೇನೆ. ನಾನು ಇಂಥ ಎಂಟು ಅರ್ಜಿಗಳಲ್ಲಿ ಕೈ ಹಾಕಿದ್ದೇನೆ. ಎರಡಕ್ಕೆ ದುಡ್ಡು ಬಂತು. ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಉಳಿದ ಆರರಿಂದ ಬಂದವು.

## ಹೆಜ್ಜೆ 1: ಯಾವ ಬಾಗಿಲು ಅಂತ ಮೊದಲು ನೋಡಿ

ದೊಡ್ಡ ಬಾಗಿಲು ಹೊರೈಝನ್ ಯುರೋಪ್. 2021ರಿಂದ 2027ರವರೆಗಿನ ಕಾರ್ಯಕ್ರಮ, ಶುರುವಿನಲ್ಲಿ ಇಟ್ಟ ಹಣ ಸುಮಾರು 95.5 ಬಿಲಿಯನ್ ಯೂರೋ. ಇದರೊಳಗೆ ವಿಷಯವಾರು ಆರು ಗುಂಪುಗಳಿವೆ, ಅವಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಆಹಾರ, ಕೃಷಿ, ಪರಿಸರ, ನೈಸರ್ಗಿಕ ಸಂಪತ್ತು ಎಲ್ಲ ಆರನೇ ಕ್ಲಸ್ಟರ್. ಹೊಸ ವಸ್ತುಗಳು, ಕೈಗಾರಿಕೆ, ಡಿಜಿಟಲ್ ನಾಲ್ಕನೆಯದು. ನಮ್ಮ ಶೀಟು ಎರಡಕ್ಕೂ ಸೇರಬಹುದು. ಎಲ್ಲಿ ಹಾಕಬೇಕು ಅನ್ನುವುದು ಪ್ರಶ್ನೆಯ ಭಾರ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಹೊಸ ಪಾಲಿಮರ್ ಮಾಡುವುದೇ ಮುಖ್ಯವಾದರೆ ನಾಲ್ಕು. ಮಣ್ಣಿಗೆ ಏನಾಗುತ್ತದೆ ಅನ್ನುವುದೇ ಮುಖ್ಯವಾದರೆ ಆರು.

ಮಣ್ಣಿಗೇ ಅಂತ ಇನ್ನೊಂದು ಕಿಟಕಿಯೂ ಇದೆ. ಒಕ್ಕೂಟ ಐದು 'ಮಿಷನ್' ಹಾಕಿಕೊಂಡಿದೆ, ಒಂದು ಮಣ್ಣಿನದು. 2030ರೊಳಗೆ 100 ಕಡೆ ರೈತರ ಜೊತೆಗೂಡಿ ಹೊಲದಲ್ಲೇ ಪ್ರಯೋಗ ನಡೆಸುವ ತಾಣಗಳನ್ನು ಕಟ್ಟುವುದು ಅದರ ಗುರಿ. ಜೈವಿಕ ಕಚ್ಚಾವಸ್ತುವಿನಿಂದ ಸರಕು ಮಾಡುವ ಕಂಪನಿಗಳಿಗೆ ಸರ್ಕ್ಯುಲರ್ ಬಯೋ-ಬೇಸ್ಡ್ ಯುರೋಪ್ ಎಂಬ ಬೇರೆ ಕೂಟವಿದೆ. ಅಲ್ಲಿ ಒಕ್ಕೂಟವೂ ಕೈಗಾರಿಕೆಯೂ ಸೇರಿ 2 ಬಿಲಿಯನ್ ಯೂರೋ ಇಟ್ಟಿವೆ.

ದೊಡ್ಡ ಬಾಗಿಲು ತಟ್ಟುವ ಮೊದಲು ಸಣ್ಣ ಬಾಗಿಲು ತಟ್ಟಿ ಅಂತ ನನ್ನ ಸಲಹೆ. ಅದರ ಹೆಸರು ಕಾಸ್ಟ್. 1971ರಿಂದ ನಡೆಯುತ್ತಿದೆ. ಇದು ಸಂಶೋಧನೆಗೆ ದುಡ್ಡು ಕೊಡುವುದಿಲ್ಲ. ಒಂದು ವಿಷಯದ ಮೇಲೆ ಬೇರೆ ಬೇರೆ ದೇಶದವರು ಸೇರಲು, ಸಭೆ ನಡೆಸಲು, ಒಬ್ಬರ ಲ್ಯಾಬಿಗೆ ಇನ್ನೊಬ್ಬರು ಹೋಗಿ ಕೆಲವು ವಾರ ಕೆಲಸ ಕಲಿಯಲು ಕೊಡುತ್ತದೆ. ಒಂದೊಂದು ಜಾಲ ಸಾಮಾನ್ಯವಾಗಿ ನಾಲ್ಕು ವರ್ಷ. ಅಷ್ಟರಲ್ಲಿ ಯಾರು ಕೆಲಸ ಮಾಡುತ್ತಾರೆ, ಯಾರು ಬರೀ ಮಾತಾಡುತ್ತಾರೆ ಅನ್ನುವುದು ಕಾಫಿ ಮೇಜಿನಲ್ಲೇ ಗೊತ್ತಾಗುತ್ತದೆ. ದೊಡ್ಡ ಅರ್ಜಿಯ ಜೊತೆಗಾರರು ನನಗೆ ಸಿಕ್ಕಿದ್ದು ಅಲ್ಲೇ.

ಇನ್ನು ಒಬ್ಬರೇ ಹೋಗುವವರಿಗೆ ಮೇರಿ ಕ್ಯೂರಿ ಹೆಸರಿನ ಫೆಲೋಶಿಪ್‌ಗಳಿವೆ. ಯಾವ ದೇಶದವರಾದರೂ ಹಾಕಬಹುದು, ಭಾರತದವರೂ. ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದಿರಬೇಕು. ಜತೆಗೆ ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಈ ಒಂದು ನಿಯಮ ಓದದೆ ಎರಡು ತಿಂಗಳು ಕೂತು ಅರ್ಜಿ ಬರೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

## ಹೆಜ್ಜೆ 2: ಭಾರತದ ಸಂಸ್ಥೆಗೆ ದುಡ್ಡು ಬರುತ್ತದಾ?

ಇದನ್ನು ಈಗಲೇ ಬಗೆಹರಿಸಿಕೊಳ್ಳಿ, ಆಮೇಲೆ ಬೇಜಾರಾಗುವುದು ಬೇಡ.

ದೇಶಗಳು ಮೂರು ಬಗೆ. ಒಕ್ಕೂಟದ 27 ಸದಸ್ಯ ದೇಶಗಳು ಒಂದು. ಒಪ್ಪಂದ ಮಾಡಿಕೊಂಡು, ತಮ್ಮ ಪಾಲು ಕಟ್ಟಿ ಸೇರಿಕೊಂಡ ದೇಶಗಳು ಎರಡನೆಯದು. ನಾರ್ವೆ ಹೀಗೆ ಸೇರಿದೆ, ಬ್ರಿಟನ್ 2024ರಿಂದ ಸೇರಿದೆ. ನ್ಯೂಜಿಲೆಂಡ್, ಕೆನಡಾ ಕೂಡ ಕಾರ್ಯಕ್ರಮದ ಒಂದು ಭಾಗಕ್ಕೆ ಸೇರಿಕೊಂಡಿವೆ. ಮೂರನೆಯದು ಉಳಿದ ಜಗತ್ತು. ಅದರಲ್ಲಿ ಬಡ ಮತ್ತು ಮಧ್ಯಮ ಆದಾಯದ ಬಹಳ ದೇಶಗಳಿಗೆ ತಾನಾಗಿ ದುಡ್ಡು ಸಿಗುತ್ತದೆ. ನೇಪಾಳಕ್ಕೆ ಸಿಗುತ್ತದೆ, ಬಾಂಗ್ಲಾಕ್ಕೆ ಸಿಗುತ್ತದೆ. ಭಾರತ, ಚೀನಾ, ಬ್ರೆಜಿಲ್‌ಗೆ ತಾನಾಗಿ ಸಿಗುವುದಿಲ್ಲ.

ಹಾಗಂತ ಬಾಗಿಲು ಮುಚ್ಚಿಲ್ಲ. ದಾರಿಗಳು ಮೂರು. ಮೊದಲನೆಯದು, ಟಾಪಿಕ್‌ನ (ಅಂದರೆ ಒಕ್ಕೂಟ ಅರ್ಜಿ ಕರೆಯುವ ಒಂದೊಂದು ವಿಷಯದ) ಬರಹದಲ್ಲೇ ಭಾರತದ ಸಂಸ್ಥೆಗಳಿಗೂ ಹಣ ಕೊಡುತ್ತೇವೆ ಅಂತ ಇರುವುದು, ಅಥವಾ ನಿಮ್ಮನ್ನು ಬಿಟ್ಟರೆ ಕೆಲಸ ಆಗುವುದೇ ಇಲ್ಲ ಅಂತ ಮೌಲ್ಯಮಾಪಕರು ಒಪ್ಪುವುದು. ಇದು ಅಪರೂಪ. ಎರಡನೆಯದು, ಅಲ್ಲಿಂದ ಹಣ ಪಡೆಯದೆ ನಿಮ್ಮ ಖರ್ಚು ನೀವೇ ನೋಡಿಕೊಂಡು ಸಹಭಾಗಿಯಾಗಿ ಸೇರುವುದು. ಮೂರನೆಯದೇ ನಮಗೆ ಹೆಚ್ಚು ಒಗ್ಗುವುದು: ಎರಡೂ ಸರ್ಕಾರಗಳು ಸೇರಿ ಕರೆಯುವ ಅರ್ಜಿ. ಅಲ್ಲಿನವರ ಖರ್ಚು ಒಕ್ಕೂಟದ್ದು, ಇಲ್ಲಿನವರ ಖರ್ಚು ನಮ್ಮ ಸರ್ಕಾರದ ಇಲಾಖೆಯದ್ದು.

ಈ ಮೂರನೇ ದಾರಿ ಹೊಸದಲ್ಲ. ನಮಸ್ತೆ ಎಂಬ ಜೋಡಿ ಪ್ರಾಜೆಕ್ಟ್ ಒಂದಿತ್ತು. ಆಹಾರ ಸಂಸ್ಕರಣೆಯಲ್ಲಿ ಉಳಿಯುವ ಸಿಪ್ಪೆ, ತೌಡು ಮುಂತಾದವನ್ನು ಮತ್ತೆ ಆಹಾರಕ್ಕೆ, ಮೇವಿಗೆ ಬಳಸುವುದು ಹೇಗೆ ಅಂತ ನೋಡಿದ ಕೆಲಸ. ಯುರೋಪಿನ ಕಡೆ ಮುಂದಾಳು ಬೊಲೊನ್ಯಾ ವಿಶ್ವವಿದ್ಯಾಲಯ. ನಮ್ಮ ಕಡೆಯಿಂದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇತ್ತು. ಆಮೇಲೆ ಕುಡಿಯುವ ನೀರು, ಕೊಳಚೆ ನೀರಿನ ಮೇಲೆ ಏಳು ಪ್ರಾಜೆಕ್ಟ್‌ಗಳು ಬಂದವು. ಅದರಲ್ಲಿ ಲೋಟಸ್ ಎಂಬುದರಲ್ಲಿ ಇಂಗಾಲದ ನ್ಯಾನೊ ಕೊಳವೆ ಬಳಸಿ ನೀರಿನ ಗುಣ ಅಳೆಯುವ ಅಗ್ಗದ ಸೆನ್ಸರ್ ಮಾಡಲು ಹೊರಟರು. ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್ ಮತ್ತು ಐಐಟಿ ಗುವಾಹಟಿ ಅದರ ಮುಂದಾಳುಗಳು. 2025ರಲ್ಲಿ ಸಮುದ್ರದ ಪ್ಲಾಸ್ಟಿಕ್ ಕಸ, ಕಸದಿಂದ ಹೈಡ್ರೋಜನ್ ಎಂಬ ಎರಡು ವಿಷಯಕ್ಕೆ ಒಟ್ಟು ಸುಮಾರು 41 ಮಿಲಿಯನ್ ಯೂರೋ ಜಂಟಿ ಹಣ ಘೋಷಿಸಿದರು.

ಜಂಟಿ ಕರೆಯಲ್ಲಿ ಒಂದು ಹುಳುಕು ಇದೆ, ಎಚ್ಚರ. ಎರಡು ಕಡೆಗೂ ಅರ್ಜಿ ಹಾಕಬೇಕಾಗಬಹುದು. ಎರಡು ಕಡೆಯ ಹಣವೂ ಒಂದೇ ದಿನ ಬರುವುದಿಲ್ಲ. ಅಲ್ಲಿ ಕೆಲಸ ಶುರುವಾಗಿ ತಿಂಗಳುಗಟ್ಟಲೆ ಆದ ಮೇಲೂ ಇಲ್ಲಿ ಮಂಜೂರಾತಿ ಪತ್ರ ಬಂದಿಲ್ಲದಿರಬಹುದು. ಆದ್ದರಿಂದ ಭಾರತದ ಪಾಲಿನ ಕೆಲಸವನ್ನು ಮೊದಲ ಆರು ತಿಂಗಳಿಗೆ ಕಟ್ಟಬೇಡಿ.

## ಹೆಜ್ಜೆ 3: ಟಾಪಿಕ್ ಬರಹವನ್ನು ಜಾತಕದ ಹಾಗೆ ಓದಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನಮ್ಮಲ್ಲಿ ಅಭ್ಯಾಸ ಏನು? ಒಂದು ಐಡಿಯಾ ಇರುತ್ತದೆ, ಅದನ್ನು ಯಾರಿಗಾದರೂ ಕೊಟ್ಟು ಹಣ ಕೇಳುತ್ತೇವೆ. ಇಲ್ಲಿ ಉಲ್ಟಾ. ಪ್ರಶ್ನೆ ಅವರದು. ಕೆಲವು ಪ್ಯಾರಾಗಳಲ್ಲಿ ತಮಗೆ ಏನು ಬೇಕು ಅಂತ ಅವರೇ ಬರೆದಿರುತ್ತಾರೆ. ನಿಮ್ಮ ಐಡಿಯಾ ಎಷ್ಟೇ ಚೆನ್ನಾಗಿದ್ದರೂ ಆ ಪ್ರಶ್ನೆಗೆ ಉತ್ತರವಾಗದಿದ್ದರೆ ಅಂಕ ಇಲ್ಲ. ನನ್ನ ಮೊದಲ ಎರಡು ಅರ್ಜಿ ಬಿದ್ದಿದ್ದು ಇದರಿಂದಲೇ. ವಿಜ್ಞಾನ ಚೆನ್ನಾಗಿದೆ, ಕೇಳಿದ್ದು ಇದನ್ನಲ್ಲ ಅಂತ ಬರೆದು ಕಳಿಸಿದ್ದರು.

ಒಕ್ಕೂಟದ 'ಫಂಡಿಂಗ್ ಅಂಡ್ ಟೆಂಡರ್ಸ್' ಪೋರ್ಟಲ್‌ನಲ್ಲಿ ಎಲ್ಲ ಟಾಪಿಕ್‌ಗಳೂ ಸಿಗುತ್ತವೆ. ಒಂದೊಂದಕ್ಕೂ ಉದ್ದನೆಯ ಕೋಡ್. ಅದರಲ್ಲಿ ಸಿಎಲ್6 ಅಂತಿದ್ದರೆ ಆರನೇ ಕ್ಲಸ್ಟರ್, ಮುಂದೆ ವರ್ಷ. ನಿಮ್ಮದನ್ನು ಪ್ರಿಂಟ್ ತೆಗೆದು ಮೂರು ಬಣ್ಣದ ಪೆನ್ನು ಹಿಡಿದು ಕೂರಿ. 'ಎಕ್ಸ್‌ಪೆಕ್ಟೆಡ್ ಔಟ್‌ಕಮ್' ಅಂತ ಇರುವ ಪಟ್ಟಿಗೆ ಕೆಂಪು: ಪ್ರಾಜೆಕ್ಟ್ ಮುಗಿದ ಮೇಲೆ ಹೊರಗಿನ ಜಗತ್ತಿನಲ್ಲಿ ಏನು ಬದಲಾಗಬೇಕು ಅನ್ನುವುದು ಅದು. 'ಸ್ಕೋಪ್' ಭಾಗದಲ್ಲಿ 'ಶುಡ್' ಅಂತ ಇರುವ ವಾಕ್ಯಕ್ಕೆಲ್ಲ ಹಸಿರು: ಮಾಡಲೇಬೇಕು. 'ಮೇ', 'ಕುಡ್' ಅಂತ ಇರುವ ಕಡೆ ನೀಲಿ: ಮಾಡಿದರೆ ಒಳ್ಳೆಯದು. ಹಸಿರು ಗೆರೆ ಎಷ್ಟಿವೆಯೋ ಅಷ್ಟಕ್ಕೂ ನಿಮ್ಮ ಅರ್ಜಿಯಲ್ಲಿ ಒಂದೊಂದು ಕೆಲಸ, ಒಬ್ಬೊಬ್ಬ ಹೊಣೆಗಾರ ಇರಬೇಕು.

ಬಗೆಯನ್ನೂ ಗಮನಿಸಿ. ಸಂಶೋಧನೆ ಮಾಡುವ ಬಗೆಗೆ ಆರ್‌ಐಎ ಅನ್ನುತ್ತಾರೆ, ಖರ್ಚಿನ ಶೇಕಡಾ 100 ಕೊಡುತ್ತಾರೆ. ಮಾರುಕಟ್ಟೆಗೆ ಹತ್ತಿರವಾದದ್ದು ಐಎ. ಅದರಲ್ಲಿ ಲಾಭದ ಕಂಪನಿಗೆ ಶೇಕಡಾ 70, ವಿಶ್ವವಿದ್ಯಾಲಯದಂಥ ಲಾಭವಿಲ್ಲದ ಸಂಸ್ಥೆಗೆ 100. ಜಾಲ ಕಟ್ಟುವುದು, ಸಲಹೆ, ಪ್ರಚಾರದ ಕೆಲಸಕ್ಕೆ ಸಿಎಸ್‌ಎ.

ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಅಂತ 1ರಿಂದ 9ರವರೆಗಿನ ಟಿಆರ್‌ಎಲ್ ಅಳತೆಯಲ್ಲಿ ಕೇಳಿರುತ್ತಾರೆ. ನಮ್ಮ ಶೀಟು ಇನ್ನೂ ಲ್ಯಾಬಿನ ಗಾಜಿನ ತಟ್ಟೆಯಲ್ಲಿದ್ದರೆ 3 ಅಥವಾ 4. ನಿಜವಾದ ಹೊಲದಲ್ಲಿ ರೈತರ ಟ್ರ್ಯಾಕ್ಟರ್ ಹಾಸಿದ್ದರೆ 6, 7. ಟಾಪಿಕ್ 5ರವರೆಗೆ ಕೇಳಿದ್ದರೆ ಉತ್ಸಾಹದಲ್ಲಿ 8 ಅಂತ ಬರೆಯಬೇಡಿ. ನಂಬುವುದಿಲ್ಲ.

ಕೃಷಿಯ ಟಾಪಿಕ್‌ಗಳಲ್ಲಿ 'ಮಲ್ಟಿ-ಆಕ್ಟರ್' ಅನ್ನುವ ಮಾತು ಕಂಡರೆ ನಿಲ್ಲಿ. ಅದರರ್ಥ ರೈತರು, ಸಲಹೆಗಾರರು, ಕಂಪನಿಗಳು ಶುರುವಿನಿಂದ ಕೊನೆಯವರೆಗೆ ಒಳಗೇ ಇರಬೇಕು ಅಂತ. ಕೊನೆಯಲ್ಲಿ ಒಂದು ಕಾರ್ಯಾಗಾರ ಮಾಡಿ ರೈತರನ್ನು ಕರೆದು ಊಟ ಹಾಕಿಸಿ ಫೋಟೊ ತೆಗೆಸಿದರೆ ಆಗಲ್ಲ. ರೈತರ ಸಂಘ ಪಾಲುದಾರನಾಗಿ, ಬಜೆಟ್‌ನಲ್ಲಿ ಹಣದ ಸಮೇತ ಇರಬೇಕು.

ಇದೇ ಹಂತದಲ್ಲಿ ಇನ್ನೊಂದು ಕೆಲಸ. ಕಾರ್ಡಿಸ್ ಅನ್ನುವ ಡೇಟಾಬೇಸ್‌ನಲ್ಲಿ ಹಿಂದೆ ಹಣ ಸಿಕ್ಕಿದ ಪ್ರಾಜೆಕ್ಟ್‌ಗಳೆಲ್ಲ ಇವೆ. ಯಾರಿದ್ದರು, ಎಷ್ಟು ಹಣ, ಏನು ವರದಿ, ಎಲ್ಲ. ಹೊಲದ ಮಣ್ಣಿನ ಪ್ಲಾಸ್ಟಿಕ್ ಅಂತ ಹುಡುಕಿದರೆ ಮಿನಾಗ್ರಿಸ್ ಸಿಗುತ್ತದೆ, ವಾಗೆನಿಂಗೆನ್ ವಿಶ್ವವಿದ್ಯಾಲಯ ಅದರ ಮುಂದಾಳು. ಪ್ಯಾಪಿಲಾನ್ಸ್ ಸಿಗುತ್ತದೆ, ಅದು ನಾರ್ವೆಯ ನೀವಾ ಸಂಸ್ಥೆಯದು. ಇವರು ಮಾಡಿದ್ದನ್ನೇ ಮತ್ತೆ ಮಾಡುತ್ತೇವೆ ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಇವರು ನಿಲ್ಲಿಸಿದ ಕಡೆಯಿಂದ ನಾವು ಶುರು ಮಾಡುತ್ತೇವೆ ಅಂತ ಬರೆಯಬೇಕು.

ಹೀಗೆ ಹುಡುಕುವಾಗ ನಗುವೂ ಬರುತ್ತದೆ. ರಿಮಿಕ್ಸ್ ಅಂತ ಒಂದು ಪ್ರಾಜೆಕ್ಟ್. ಫ್ರಾನ್ಸಿನವರ ಮುಂದಾಳತ್ವ. ಧಾನ್ಯದ ಜೊತೆ ಕಾಳು ಬೆರೆಸಿ ಬಿತ್ತಿದರೆ ಏನು ಲಾಭ ಅಂತ ನೋಡಿದ್ದು. ರಾಗಿ ನಡುವೆ ಅವರೆ, ತೊಗರಿ ಅಕ್ಕಡಿ ಹಾಕುವ ನಮ್ಮ ಅಜ್ಜನಿಗೆ ಹೇಳಿದ್ದರೆ ಇದಕ್ಕೂ ದುಡ್ಡು ಕೊಡ್ತಾರಾ ಅಂತ ಕೇಳುತ್ತಿದ್ದರು. ಕೊಡ್ತಾರೆ ಅಜ್ಜ, ಅಳೆದು ಬರೆದಿಟ್ಟರೆ.

## ಹೆಜ್ಜೆ 4: ಕೂಟ ಕಟ್ಟುವುದು, ಅಥವಾ ಕೂಟ ಸೇರುವುದು

ನಿಯಮ ಸರಳ. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಮೂರು ಸಂಸ್ಥೆ, ಮೂರು ಬೇರೆ ದೇಶಗಳಲ್ಲಿ. ಮೂರೂ ದೇಶ ಸದಸ್ಯ ಅಥವಾ ಒಪ್ಪಂದದ ದೇಶವಾಗಿರಬೇಕು, ಒಂದಾದರೂ ಸದಸ್ಯ ದೇಶವಾಗಿರಲೇಬೇಕು. ವಾಸ್ತವದಲ್ಲಿ ಆರನೇ ಕ್ಲಸ್ಟರ್‌ನ ಕೂಟಗಳಲ್ಲಿ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತಕ್ಕೂ ಮೀರಿ ಸಂಸ್ಥೆಗಳಿರುತ್ತವೆ.

ಮೊದಲ ಸಲ ಕೋಆರ್ಡಿನೇಟರ್ ಆಗಲು ಹೋಗಬೇಡಿ. ದಯವಿಟ್ಟು. ಅದು ಮದುವೆ ಮನೆಯ ಯಜಮಾನಿಕೆ. ಊಟ ತಡವಾದರೂ ನೀವೇ, ಪುರೋಹಿತರು ಬರದಿದ್ದರೂ ನೀವೇ. ಇದಕ್ಕೇ ಅಂತ ಕಚೇರಿ ಇಟ್ಟುಕೊಂಡಿರುವ ಸಂಸ್ಥೆಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಅವರ ಕೂಟಕ್ಕೆ ಸೇರಿ.

ಸೇರುವುದು ಹೇಗೆ? ಒಂದು ಪುಟ ಬರೆಯಿರಿ. ನಮ್ಮ ಸಂಸ್ಥೆ 1960ರಲ್ಲಿ ಸ್ಥಾಪನೆಯಾಯಿತು, ಇಂತಿಷ್ಟು ವಿಭಾಗಗಳಿವೆ ಅಂತ ಶುರು ಮಾಡಬೇಡಿ. ಅದನ್ನು ಯಾರೂ ಓದುವುದಿಲ್ಲ. ಟಾಪಿಕ್‌ನ ಕೋಡ್ ಮೇಲೆ ಹಾಕಿ. ಅದರಲ್ಲಿನ ಯಾವ ಹಸಿರು ಗೆರೆಗೆ ನೀವು ಉತ್ತರ ಕೊಡಬಲ್ಲಿರಿ ಅಂತ ಎರಡು ವಾಕ್ಯ. ನಿಮ್ಮಲ್ಲಿ ಮಾತ್ರ ಇರುವುದು ಏನು ಅಂತ ಮೂರು ವಾಕ್ಯ. ವರ್ಷಗಳ ಕಾಲ ಶೀಟು ಹಾಸಿದ ಕೆಂಪು ಮಣ್ಣಿನ ಹೊಲ, ಅದರ ಹಿಂದಿನ ಬೆಳೆಗಳ ದಾಖಲೆ, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಬೆಳೆ ತೆಗೆಯುವ ಬಿಸಿಲಿನ ವಾತಾವರಣ: ಇದು ಡೆನ್ಮಾರ್ಕಿನವರ ಹತ್ತಿರ ಇಲ್ಲ. ದೊಡ್ಡ ಮೈಕ್ರೋಸ್ಕೋಪು ಅವರಲ್ಲೂ ಇದೆ, ಅದನ್ನು ಬರೆದು ಪ್ರಯೋಜನವಿಲ್ಲ.

ಆ ಪುಟವನ್ನು ಕಳಿಸುವುದು ಯಾರಿಗೆ? ಕಾರ್ಡಿಸ್‌ನಲ್ಲಿ ಕಂಡ ಹಳೇ ಪ್ರಾಜೆಕ್ಟ್‌ಗಳ ವರ್ಕ್ ಪ್ಯಾಕೇಜ್ (ಪ್ರಾಜೆಕ್ಟ್‌ನ ಕೆಲಸದ ಒಂದೊಂದು ಪಾಲು) ಮುಖ್ಯಸ್ಥರಿಗೆ. ಕೋಆರ್ಡಿನೇಟರ್‌ಗೆ ಇಂಥ ಮೇಲ್ ರಾಶಿ ಬರುತ್ತವೆ, ಕೆಳಗಿನ ಹಂತದವರು ಉತ್ತರ ಕೊಡುತ್ತಾರೆ. ಪೋರ್ಟಲ್‌ನ ಟಾಪಿಕ್ ಪುಟದಲ್ಲೇ ಪಾಲುದಾರರನ್ನು ಹುಡುಕುವ ಜಾಗವೂ ಇದೆ. ಹೆಚ್ಚಿನ ದೇಶಗಳಲ್ಲಿ 'ನ್ಯಾಷನಲ್ ಕಾಂಟ್ಯಾಕ್ಟ್ ಪಾಯಿಂಟ್' ಅಂತ ಸಲಹೆಗಾರರು ಇರುತ್ತಾರೆ, ಪುಕ್ಕಟೆ. ಭಾರತದಲ್ಲಿ ಕೆಲಸ, ಫೆಲೋಶಿಪ್ ಮಾಹಿತಿಗೆ ಯುರಾಕ್ಸೆಸ್ ಇಂಡಿಯಾ ಇದೆ. ಸುಮ್ನೆ ಅಲ್ಲಿನ ಸುದ್ದಿಪತ್ರಕ್ಕೆ ಹೆಸರು ಕೊಟ್ಟಿಡಿ.

ಕಾಲದ ಲೆಕ್ಕ ತಪ್ಪಬೇಡಿ. ಕೊನೆ ದಿನಕ್ಕೆ ಆರು ತಿಂಗಳಿದೆ ಅನ್ನುವಾಗಲೇ ಒಳ್ಳೆಯ ಕೂಟಗಳ ಅರ್ಧ ಜಾಗ ತುಂಬಿರುತ್ತದೆ. ಎರಡು ತಿಂಗಳಿದೆ ಅನ್ನುವಾಗ ಹೋದರೆ ನಿಮಗೆ ಸಿಗುವುದು ಯಾರಿಗೂ ಬೇಡವಾದ ಕೆಲಸ.

## ಹೆಜ್ಜೆ 5: ಕಾಗದಪತ್ರ

ಬೇಸರದ ಭಾಗ, ಬೇಗ ಮುಗಿಸೋಣ. ಪ್ರತಿ ಸಂಸ್ಥೆಗೂ ಪೋರ್ಟಲ್‌ನಲ್ಲಿ ಸಂಸ್ಥೆಯನ್ನು ಗುರುತಿಸುವ ಒಂಬತ್ತು ಅಂಕೆಯ ಪಿಕ್ ಸಂಖ್ಯೆ ಬೇಕು. ಹೊಸದು ಮಾಡುವ ಮೊದಲು ಹುಡುಕಿ. ನಿಮ್ಮ ವಿಶ್ವವಿದ್ಯಾಲಯದ ಬೇರೆ ವಿಭಾಗದವರು ಯಾವತ್ತೋ ಮಾಡಿಸಿರಬಹುದು. ಎರಡೆರಡು ಆದರೆ ಗೊಂದಲ. ಸದಸ್ಯ ಮತ್ತು ಒಪ್ಪಂದದ ದೇಶಗಳ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಲಿಂಗ ಸಮಾನತೆಯ ಯೋಜನೆ ಕಡ್ಡಾಯ, ಅದು ಅವರ ವೆಬ್‌ಸೈಟಿನಲ್ಲಿ ಪ್ರಕಟವಾಗಿರಬೇಕು. ಭಾರತದ ಸಂಸ್ಥೆಗೆ ಆ ಕಡ್ಡಾಯ ಇಲ್ಲ.

ಆದರೆ ನಮಗೇ ಇರುವ ತೊಡಕು ಬೇರೆ. ಕೋಲಾರದ ಮಣ್ಣನ್ನು ಪೊಟ್ಟಣ ಕಟ್ಟಿ ಕೊರಿಯರ್ ಮಾಡಲು ಆಗುವುದಿಲ್ಲ. ಸಸ್ಯರೋಗ ಬರಬಾರದು ಅಂತ ಒಕ್ಕೂಟ ಹೊರಗಿನ ಮಣ್ಣನ್ನು ಒಳಗೆ ಬಿಡುವುದಿಲ್ಲ. ಸಂಶೋಧನೆಗೆ ಅಂತ ಬೇರೆ ಅನುಮತಿ ಪಡೆಯಬೇಕು. ಇತ್ತ ಕಡೆ ನಮ್ಮ 2002ರ ಜೈವಿಕ ವೈವಿಧ್ಯ ಕಾಯ್ದೆ ಇದೆ. ಆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೊರದೇಶದ ಲ್ಯಾಬಿಗೆ ಕೊಡುವ ಮುಂಚೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಲೇಬೇಕು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ ಅಂತ ಅರ್ಜಿಯ ಅಪಾಯಗಳ ಪಟ್ಟಿಯಲ್ಲೇ ಬರೆದುಬಿಡಿ. ಅನುಕೂಲವಾದರೆ ಮಣ್ಣನ್ನು ಕಳಿಸದೆ ಅಳತೆಯನ್ನು ಇಲ್ಲೇ ಮಾಡಿ, ಅಂಕಿಅಂಶ ಮಾತ್ರ ಕಳಿಸಿ.

## ಹೆಜ್ಜೆ 6: ಬರೆಯುವುದು

ಅರ್ಜಿಯಲ್ಲಿ ಎರಡು ಭಾಗ. ಒಂದು ಪೋರ್ಟಲ್‌ನಲ್ಲೇ ತುಂಬುವ ಫಾರಂ. ಇನ್ನೊಂದು ನೀವು ಬರೆದು ಹಾಕುವ ಪಿಡಿಎಫ್. ಅದಕ್ಕೆ ಪುಟದ ಮಿತಿ ಇದೆ, ಕರೆಯಿಂದ ಕರೆಗೆ ಬದಲಾಗುತ್ತದೆ. ಸಾಮಾನ್ಯವಾಗಿ ದೊಡ್ಡ ಅರ್ಜಿಗೆ 40ರಿಂದ 50 ಪುಟದೊಳಗೆ. ಎರಡು ಹಂತದ ಅರ್ಜಿಯಾದರೆ ಮೊದಲ ಹಂತಕ್ಕೆ ಹತ್ತೇ ಪುಟ. ಮಿತಿ ಮೀರಿದ ಪುಟಗಳು ಮೌಲ್ಯಮಾಪಕರಿಗೆ ಕಾಣುವುದೇ ಇಲ್ಲ. ನಾನಿದ್ದ ಒಂದು ಕೂಟದಲ್ಲಿ ಕೊನೆ ರಾತ್ರಿ ಯಾರೋ ಒಂದು ಚಿತ್ರ ದೊಡ್ಡದು ಮಾಡಿದರು. ಕೊನೆಯ ಪುಟದ ಪಟ್ಟಿ ಮಿತಿಯಾಚೆ ಜಾರಿತು. ಹೊಣೆಗಾರಿಕೆ ಯಾರದು ಎಂಬುದು ಸ್ಪಷ್ಟವಿಲ್ಲ ಅಂತ ಅಂಕ ಕಳೆದರು. ಆ ಪಟ್ಟಿಯಲ್ಲಿ ಇದ್ದದ್ದೇ ಅದು!

ಅಂಕ ಮೂರು ವಿಷಯಕ್ಕೆ: ವಿಜ್ಞಾನದ ಗುಣ, ಪರಿಣಾಮ, ಕೆಲಸ ನಡೆಸುವ ರೀತಿ. ತಲಾ 5. ಒಂದೊಂದರಲ್ಲೂ ಕನಿಷ್ಠ 3, ಒಟ್ಟು 15ಕ್ಕೆ 10 ಬಂದರೆ ಪಾಸು. ಪಾಸಾದರೆ ಹಣ ಬಂತು ಅಂತಲ್ಲ. ಪೈಪೋಟಿಯಲ್ಲಿ ಹಣ ಸಿಗುವವರು ಸಾಮಾನ್ಯವಾಗಿ 13ರ ಮೇಲಿರುತ್ತಾರೆ. ಐಎ ಬಗೆಯಲ್ಲಿ ಶ್ರೇಯಾಂಕ ಕಟ್ಟುವಾಗ ಪರಿಣಾಮದ ಅಂಕಕ್ಕೆ ಒಂದೂವರೆ ಪಟ್ಟು ತೂಕ.

ನಮ್ಮವರು ಸೋಲುವುದು ಹೆಚ್ಚಾಗಿ ಪರಿಣಾಮದ ಭಾಗದಲ್ಲಿ. ಪೇಪರ್ ಬರೆದು ರೂಢಿಯಾದ ಕೈಗೆ ಇದು ಒಗ್ಗುವುದಿಲ್ಲ. ಐದು ಪೇಪರ್ ಪ್ರಕಟಿಸುತ್ತೇವೆ ಅನ್ನುವುದು ಪರಿಣಾಮ ಅಲ್ಲ. ಸರಪಳಿ ಹೀಗಿರಬೇಕು: ಪ್ರಾಜೆಕ್ಟ್‌ನಿಂದ ಹೊರಬರುವುದು ಮೂರು ಹವೆಯಲ್ಲಿ ಪರೀಕ್ಷಿಸಿದ ಶೀಟು ಮತ್ತು ಅದು ಯಾವ ಮಣ್ಣಿನಲ್ಲಿ ಎಷ್ಟು ದಿನಕ್ಕೆ ಕರಗುತ್ತದೆ ಅನ್ನುವ ಕೋಷ್ಟಕ. ಅದನ್ನು ಬಳಸುವವರು ತರಕಾರಿ ಬೆಳೆಗಾರರ ಸಹಕಾರ ಸಂಘ, ಶೀಟು ತಯಾರಕರು, ಮಾನದಂಡ ಬರೆಯುವ ಸಮಿತಿ. ಅವರು ಬಳಸಿದ್ದರಿಂದ ಮಣ್ಣಿಗೆ ಸೇರುವ ಪ್ಲಾಸ್ಟಿಕ್ ಇಷ್ಟು ಕಡಿಮೆ. ಆ 'ಇಷ್ಟು' ಏನು, ಯಾವ ಲೆಕ್ಕದಿಂದ ಬಂತು ಅಂತ ಬರೆಯಿರಿ. ದೊಡ್ಡ ಸಂಖ್ಯೆ ಬೇಕಿಲ್ಲ, ನಂಬುವಂಥ ಸಂಖ್ಯೆ ಸಾಕು.

ವಸ್ತುವಿಜ್ಞಾನದವರಿಗೆ ಒಂದು ಸೂಚನೆ. ಹೊಸ ರಾಸಾಯನಿಕ, ಹೊಸ ವಸ್ತುವನ್ನು ವಿನ್ಯಾಸದ ಹಂತದಿಂದಲೇ ಸುರಕ್ಷಿತವಾಗಿ, ಸುಸ್ಥಿರವಾಗಿ ಮಾಡಿ ಅಂತ 2022ರ ಕೊನೆಯಲ್ಲಿ ಯುರೋಪಿನ ಆಯೋಗ ಒಂದು ಚೌಕಟ್ಟನ್ನು ಶಿಫಾರಸು ಮಾಡಿದೆ. ಶೀಟು ಕರಗುತ್ತದೆ ಅಂತ ಹೇಳಿದರೆ ಮುಗಿಯಲಿಲ್ಲ. ಅದರಲ್ಲಿ ಬೆರೆಸಿದ ಬಣ್ಣ ಏನಾಗುತ್ತದೆ, ಎರೆಹುಳಕ್ಕೆ ಏನಾಗುತ್ತದೆ ಅನ್ನುವುದು ಮೊದಲ ವರ್ಷದ ಕೆಲಸದಲ್ಲೇ ಬರಬೇಕು.

ಕೆಲಸವನ್ನು ವರ್ಕ್ ಪ್ಯಾಕೇಜ್‌ಗಳಾಗಿ ಹಂಚಿ. ಆರೋ ಏಳೋ ಸಾಕು. ಒಂದು ಕೆಲಸ ತಡವಾದರೆ ಉಳಿದದ್ದೆಲ್ಲ ನಿಲ್ಲುವ ಹಾಗೆ ಸಾಲಾಗಿ ಜೋಡಿಸಬೇಡಿ. ನಮ್ಮ ಒಂದು ಅರ್ಜಿಯಲ್ಲಿ ಪಾಲಿಮರ್ ಲ್ಯಾಬು ಶೀಟು ಕೊಟ್ಟ ಮೇಲೆ ಹೊಲದ ಕೆಲಸ ಅಂತ ಇತ್ತು. ಲ್ಯಾಬು ತಡ ಮಾಡಿದರೆ ಏನು ಗತಿ ಅಂತ ಮೌಲ್ಯಮಾಪಕರು ಸರಿಯಾಗಿಯೇ ಕೇಳಿದರು. ಮುಂದಿನ ಸಲ ಮೊದಲ ಹಂಗಾಮಿಗೆ ಅಂಗಡಿಯಲ್ಲಿ ಸಿಗುವ ಕರಗುವ ಶೀಟನ್ನೇ ಹಾಸುತ್ತೇವೆ ಅಂತ ಬರೆದೆವು. ಹೋಲಿಕೆಗೂ ಆಯಿತು.

ಭಾಷೆ ಸರಳವಾಗಿರಲಿ. ಓದುವವರು ಕನಿಷ್ಠ ಮೂವರು. ಅವರ ಮುಂದೆ ಇಂಥದ್ದೇ ಅರ್ಜಿಗಳ ಕಟ್ಟು ಇರುತ್ತದೆ. ಒಬ್ಬರು ಮಣ್ಣಿನವರು, ಒಬ್ಬರು ಪಾಲಿಮರ್‌ನವರು, ಇನ್ನೊಬ್ಬರು ಅರ್ಥಶಾಸ್ತ್ರದವರೂ ಇರಬಹುದು. ಮೂವರಿಗೂ ತಿಳಿಯಬೇಕು.

## ಹೆಜ್ಜೆ 7: ದುಡ್ಡಿನ ಲೆಕ್ಕ

ಹಳೆಯ ಬಗೆಯಲ್ಲಿ ನಿಜವಾಗಿ ಆದ ಖರ್ಚು ತೋರಿಸಬೇಕು. ಸಂಬಳ, ಪ್ರಯಾಣ, ಸಾಮಾನು, ಎಲ್ಲ ಸೇರಿ ನೇರ ಖರ್ಚು. ಅದರ ಮೇಲೆ ಕಟ್ಟಡ, ಕರೆಂಟು, ಕಚೇರಿಗೆ ಅಂತ ಶೇಕಡಾ 25 ಸೇರಿಸಿ ಕೊಡುತ್ತಾರೆ, ಬಿಲ್ ಕೇಳುವುದಿಲ್ಲ. ಹೊರಗುತ್ತಿಗೆಗೆ ಈ 25 ಬರುವುದಿಲ್ಲ. ಉದಾಹರಣೆಗೆ ನಿಮ್ಮ ಸಂಬಳ, ಪ್ರಯಾಣ, ಸಾಮಾನು 2,00,000 ಯೂರೋ, ಹೊರಗುತ್ತಿಗೆ 40,000. ಶೇಕಡಾ 25 ಬರುವುದು ಎರಡು ಲಕ್ಷಕ್ಕೆ ಮಾತ್ರ, ಅಂದರೆ 50,000. ಒಟ್ಟು 2,90,000. ಮೂರು ಲಕ್ಷ ಅಂತ ಬರೆದರೆ ತಪ್ಪು.

ಈಗ 'ಲಂಪ್ ಸಮ್' ಬಗೆ ಜಾಸ್ತಿಯಾಗುತ್ತಿದೆ. ಒಂದೊಂದು ವರ್ಕ್ ಪ್ಯಾಕೇಜ್‌ಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡುತ್ತಾರೆ. ಕೆಲಸ ಮುಗಿದರೆ ಹಣ. ಫಲಿತಾಂಶ ಅಂದುಕೊಂಡಂತೆ ಬರದಿದ್ದರೂ ಮಾಡಬೇಕಾದ್ದು ಮಾಡಿದ್ದರೆ ಸಿಗುತ್ತದೆ. ಆದರೆ ನಾಲ್ಕು ವರ್ಷದ ಒಂದೇ ದೊಡ್ಡ ಪ್ಯಾಕೇಜ್ ಇಟ್ಟರೆ ಅದರ ಹಣ ಪೂರ್ತಿ ಚುಕ್ತಾ ಆಗಲು ನಾಲ್ಕು ವರ್ಷ ಕಾಯಬೇಕು. ಉದ್ದನೆಯದನ್ನು ವರದಿಯ ಅವಧಿಗೆ ತಕ್ಕ ಹಾಗೆ ಒಡೆಯಿರಿ.

ರೈತರ ಸಂಘಕ್ಕೆ ಇಟ್ಟ ಹಣದಲ್ಲಿ ಕೊಸರಾಡಬೇಡಿ. ಹೊಲ ಕೊಡುವವರು ಒಂದು ಹಂಗಾಮಿನ ಆದಾಯವನ್ನೇ ಪಣಕ್ಕಿಟ್ಟಿರುತ್ತಾರೆ.

## ಹೆಜ್ಜೆ 8: ಒತ್ತುವುದು, ಕಾಯುವುದು

ಕೊನೆ ದಿನದ ಗಡುವು ಬ್ರಸೆಲ್ಸ್ ಗಡಿಯಾರದ ಸಂಜೆ 5. ಭಾರತದಲ್ಲಿ ಚಳಿಗಾಲದಲ್ಲಾದರೆ ರಾತ್ರಿ 9:30, ಅಲ್ಲಿ ಬೇಸಿಗೆಯ ಗಡಿಯಾರ ನಡೆಯುವಾಗ 8:30. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ, ಅದರ ಆಸುಪಾಸಿನ ಗಡುವಾದರೆ ಎರಡು ಸಲ ನೋಡಿ. ಎರಡು ದಿನ ಮೊದಲೇ ಒಂದು ಆವೃತ್ತಿ ಒತ್ತಿಬಿಡಿ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕ. ಆಗ ಕರೆಂಟು ಹೋದರೂ ಚಿಂತೆಯಿಲ್ಲ.

ಫಲಿತಾಂಶ ಸುಮಾರು ಐದು ತಿಂಗಳಿಗೆ. ಬಂದರೆ ಒಪ್ಪಂದಕ್ಕೆ ಸಹಿ ಹಾಕಲು ಇನ್ನೂ ಮೂರು ತಿಂಗಳು. ಬರದಿದ್ದರೆ ಒಂದು ವರದಿ ಬರುತ್ತದೆ, ಅದರಲ್ಲಿ ಅಂಕ ಮತ್ತು ಕಾರಣ. ಒಂದು ವಾರ ತೆರೆಯದೆ ಇಡಿ. ಆಮೇಲೆ ಕೂಟದ ಎಲ್ಲರೂ ಕೂತು ಓದಿ. 12.5 ಬಂದ ಅರ್ಜಿಯನ್ನು ಬಿಸಾಡಬೇಡಿ. ಅಂಥದ್ದೇ ಟಾಪಿಕ್ ಒಂದೆರಡು ವರ್ಷದಲ್ಲಿ ಬೇರೆ ಹೆಸರಿನಲ್ಲಿ ಬರುವುದುಂಟು. 2028ರಿಂದ ಶುರುವಾಗುವ ಮುಂದಿನ ಕಾರ್ಯಕ್ರಮಕ್ಕೆ ಆಯೋಗ 175 ಬಿಲಿಯನ್ ಯೂರೋ ಪ್ರಸ್ತಾಪ ಇಟ್ಟಿದೆ. ಮಣ್ಣಿನ ಪ್ಲಾಸ್ಟಿಕ್ ಅಷ್ಟರಲ್ಲಿ ಎಲ್ಲೂ ಹೋಗಿರುವುದಿಲ್ಲ.

ಕಾಯುವ ಹೊತ್ತಿನಲ್ಲಿ ಪೋರ್ಟಲ್‌ನಲ್ಲಿ ಮೌಲ್ಯಮಾಪಕರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿ. ಭಾರತದಲ್ಲಿದ್ದರೂ ಸೇರಬಹುದು. ಒಂದು ಸಲ ಮೇಜಿನ ಆ ಕಡೆ ಕೂತು ಓದಿದರೆ, ಮೂರನೇ ಪುಟದಲ್ಲೂ ವಿಷಯಕ್ಕೆ ಬಾರದ ಅರ್ಜಿ ಎಷ್ಟು ಸಿಟ್ಟು ತರಿಸುತ್ತದೆ ಅಂತ ಗೊತ್ತಾಗುತ್ತದೆ.

## ಹೆಜ್ಜೆ 9: ದುಡ್ಡು ಬಂದ ಮೇಲೆ

ಮೊದಲು ಪಾಲುದಾರರ ನಡುವಿನ ಒಪ್ಪಂದ. ಡೆಸ್ಕಾ ಎಂಬ ಮಾದರಿ ಕರಡು ಸಿಗುತ್ತದೆ, ಹೆಚ್ಚಿನ ಕೂಟಗಳು ಅದನ್ನೇ ತಿದ್ದಿ ಬಳಸುತ್ತವೆ. ಹುಟ್ಟುವ ಪೇಟೆಂಟ್ ಯಾರದು, ಯಾರು ಬಿಟ್ಟು ಹೋದರೆ ಏನು ಅನ್ನುವ ಪ್ಯಾರಾಗಳನ್ನು ನಿಮ್ಮ ಸಂಸ್ಥೆಯ ಕಾನೂನಿನವರಿಗೆ ತೋರಿಸದೆ ಸಹಿ ಹಾಕಬೇಡಿ. ಡೇಟಾ ಎಲ್ಲಿ ಇಡುತ್ತೀರಿ, ಯಾರಿಗೆ ತೆರೆಯುತ್ತೀರಿ ಎಂಬ ಯೋಜನೆಯನ್ನು ಆರನೇ ತಿಂಗಳೊಳಗೆ ಕೊಡಬೇಕು. ಪೇಪರ್‌ಗಳು ಪ್ರಕಟವಾದ ದಿನವೇ ಎಲ್ಲರಿಗೂ ಪುಕ್ಕಟೆ ಓದಲು ಸಿಗಬೇಕು. ಮಲ್ಟಿ-ಆಕ್ಟರ್ ಪ್ರಾಜೆಕ್ಟ್ ಆದರೆ ರೈತರಿಗೆ ಅಂತ ಚಿಕ್ಕ ಚಿಕ್ಕ ಟಿಪ್ಪಣಿಗಳನ್ನೂ ಬರೆದು ಕೊಡಬೇಕು. ಇವನ್ನು ಕೊನೆಯ ತಿಂಗಳಿಗೆ ಇಟ್ಟುಕೊಂಡವರೆಲ್ಲ ಒದ್ದಾಡಿದ್ದಾರೆ.

ಕೊನೆಯದಾಗಿ ಹೊಲದ ಒಂದು ಮಾತು. ಕರಗುವ ಶೀಟಿನ ತುಂಡುಗಳನ್ನು ಬಲೆಚೀಲದಲ್ಲಿ ಹಾಕಿ ಮಣ್ಣಲ್ಲಿ ಹೂತು, ಕೆಲವು ತಿಂಗಳಿಗೊಮ್ಮೆ ತೆಗೆದು ತೂಗುವುದು ಮಾಮೂಲಿ ವಿಧಾನ. ನಾವು 60 ಚೀಲ ಹೂತು, ಪ್ರತಿಯೊಂದಕ್ಕೂ ಒಂದು ಬಿದಿರು ಕಡ್ಡಿ ನೆಟ್ಟು ಬಂದೆವು. ಚಳಿಗಾಲ ಕಳೆದು ಹೋಗಿ ನೋಡಿದರೆ ಹೊಲದ ಯಜಮಾನರು ಕಡ್ಡಿಗಳನ್ನೆಲ್ಲ ಕಿತ್ತು ಅಂದವಾಗಿ ಕಟ್ಟು ಕಟ್ಟಿ ಬದುವಿನ ಮೇಲೆ ಇಟ್ಟಿದ್ದರು. ಉಳುಮೆಗೆ ಅಡ್ಡ ಬರುತ್ತಿತ್ತಂತೆ. 60ರಲ್ಲಿ 23 ಚೀಲ ಸಿಕ್ಕವು. ಅಂದಿನಿಂದ ಜಿಪಿಎಸ್ ಗುರುತು ಹಾಕುತ್ತೇವೆ, ಚೀಲದ ಜೊತೆ ಒಂದು ಕಬ್ಬಿಣದ ಮೊಳೆಯನ್ನೂ ಹೂಳುತ್ತೇವೆ. ಮೆಟಲ್ ಡಿಟೆಕ್ಟರ್‌ಗೆ ಸಿಗುತ್ತದೆ. ಬಜೆಟ್ ಬರೆಯುವಾಗ ಸಾಮಾನಿನ ಪಟ್ಟಿಯಲ್ಲಿ ಒಂದು ಡಿಟೆಕ್ಟರ್ ಹಾಕಿಕೊಳ್ಳಿ.